ಯಾರ ಮರಿ? ಕಾವೇರಿಯ ಗೂನುಬೆನ್ನಿನ ಮಹಶೀರ್ ಕೇಳುವ ಪ್ರಶ್ನೆ

ಮೀನುಮರಿ ಬಿಡುವ ಕಾರ್ಯಕ್ರಮವನ್ನು ಪತ್ರಿಕೆಯ ಚಿತ್ರದಲ್ಲಾದರೂ ನೋಡಿರುತ್ತೀರಿ. ಜಲಾಶಯದ ದಂಡೆ, ಶಾಮಿಯಾನ, ಆಮ್ಲಜನಕ ತುಂಬಿ ಉಬ್ಬಿಸಿದ ಪ್ಲಾಸ್ಟಿಕ್ ಚೀಲಗಳು. ಗಣ್ಯರು ಚೀಲದ ಬಾಯಿ ಬಿಚ್ಚಿ ನೀರಿಗೆ ಬಾಗಿಸುತ್ತಾರೆ. ಬೆರಳುದ್ದದ ಮರಿಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಮರುದಿನದ ಸುದ್ದಿಯಲ್ಲಿ ಉಳಿಯುವುದು ಒಂದೇ ಸಂಗತಿ: ಇಷ್ಟು ಲಕ್ಷ ಮರಿ ಬಿತ್ತನೆ.

ಕಾಟ್ಲಾ, ರೋಹುವಿನ ಮಟ್ಟಿಗೆ ಈ ಲೆಕ್ಕ ಸರಿಯೇ. ಅವು ಬೆಳೆ. ಬಿತ್ತುತ್ತೇವೆ, ಬಲಿತ ಮೇಲೆ ಹಿಡಿದು ಮಾರುತ್ತೇವೆ, ಮುಂದಿನ ಮಳೆಗಾಲಕ್ಕೆ ಮತ್ತೆ ಬಿತ್ತುತ್ತೇವೆ. ಅಳಿವಿನಂಚಿಗೆ ಬಂದ ಮೀನನ್ನು ಉಳಿಸಲು ಮರಿ ಬಿಡುವುದು ಬೇರೆಯೇ ಕೆಲಸ. ಬಿಟ್ಟ ಮರಿ ದೊಡ್ಡದಾಗಬೇಕು, ತಾನೇ ಜೋಡಿ ಹುಡುಕಿ ಮೊಟ್ಟೆಯಿಡಬೇಕು, ಆ ಮೊಟ್ಟೆಯಿಂದ ಹುಟ್ಟಿದವು ಮತ್ತೆ ಸಂಸಾರ ಹೂಡಬೇಕು. ಒಂದು ದಿನ ನಾವು ಚೀಲ ತರುವುದೇ ನಿಲ್ಲಬೇಕು. ಅಲ್ಲಿ ‘ಎಷ್ಟು ಮರಿ?’ ಎನ್ನುವ ಮೊದಲು ಕೇಳಬೇಕಾದದ್ದು ‘ಯಾರ ಮರಿ?’ ಎಂದು. ಕೇಳದೇ ಹೋದರೆ ಏನಾಗುತ್ತದೆಂದು ತಿಳಿಯಲು ದೂರ ಹೋಗಬೇಕಿಲ್ಲ. ಕಾವೇರಿಯೇ ಇದೆ.

ಕಾವೇರಿಯ ಮಹಶೀರ್ ಎಂದರೆ ಒಂದು ಕಾಲಕ್ಕೆ ಜಗತ್ತಿನ ಗಾಳಗಾರರ ಕನಸು. ದಂಡೆಯ ಜನ ಬಿಳಿಮೀನು ಎಂದರು, ದೇವಸ್ಥಾನದ ಮಡುಗಳಲ್ಲಿ ಮಹಶೀರ್ ದೇವರ ಮೀನಾಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು (ಬೇಟೆಯ ಹುಲಿಗಳ ಚರ್ಮ ಹದಮಾಡಿ ಜೀವಂತವೆನಿಸುವಂತೆ ನಿಲ್ಲಿಸುತ್ತಿದ್ದ ಅದೇ ಮನೆತನ) ಕಬಿನಿಯಲ್ಲಿ ಗಾಳಕ್ಕೆ ಎಳೆದ ಮೀನು 120 ಪೌಂಡ್ ತೂಗಿತ್ತು. ಹೆಚ್ಚುಕಡಿಮೆ 54 ಕಿಲೋ. ಭಾರತದಿಂದ ಇಂಡೋನೇಷ್ಯಾವರೆಗೆ ಹರಡಿರುವ ಮಹಶೀರ್ ಬಳಗದಲ್ಲಿ ಇಷ್ಟು ದೈತ್ಯವಾಗಿ ಬೆಳೆಯುವುದು ಈ ಕಾವೇರಿಯ ಮೀನೇ. ತಲೆಯ ಹಿಂದೆ ಎದ್ದು ನಿಲ್ಲುವ ಗೂನು, ಕಿತ್ತಳೆಗೆಂಪು ರೆಕ್ಕೆಗಳು ಅದರ ಗುರುತು. ಇಡೀ ಭೂಮಿಯಲ್ಲಿ ಅದಕ್ಕಿರುವುದು ಕಾವೇರಿ ಮತ್ತು ಕಾವೇರಿಯ ಉಪನದಿಗಳಷ್ಟೇ.

1970ರ ದಶಕದಲ್ಲಿ ಮಹಶೀರ್‌ಗಳು ಎಲ್ಲೆಡೆ ಕಡಿಮೆಯಾಗುತ್ತಿವೆ ಎಂಬ ಆತಂಕ ಹುಟ್ಟಿತು. ಅಣೆಕಟ್ಟು, ಡೈನಮೈಟ್, ಹೊಳೆಗೆ ವಿಷ ಹಾಕುವುದು, ಮರಳು ತೆಗೆಯುವುದು, ಕಾರಣಗಳಿಗೆ ಬರವಿರಲಿಲ್ಲ. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಕೆರೆಗಳ ಬಳಿ ಮಹಶೀರ್ ಮರಿ ಮಾಡಿಸುವ ಕೇಂದ್ರ ಶುರುವಾಯಿತು. ಅಲ್ಲಿ ಮರಿ ಮಾಡಿಸಲು ಕೈಗೆ ಸಿಕ್ಕಿದ್ದು ಕೃಷ್ಣಾ ಕೊಳ್ಳದ ನೀಲಿರೆಕ್ಕೆಯ ಮಹಶೀರ್, ಟೋರ್ ಖುದ್ರಿ. ಪುಣೆಯ ಮುಳಾ-ಮುಠಾ ನದಿಯ ಮೀನು ನೋಡಿ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ಹತ್ತೊಂಬತ್ತನೇ ಶತಮಾನದಲ್ಲೇ ಹೆಸರಿಟ್ಟಿದ್ದ ಪ್ರಭೇದ ಅದು. ಅದನ್ನು ಮರಿ ಮಾಡಿಸುವುದು ಕೈಗೆ ಹತ್ತಿದ ಮೇಲೆ ಮರಿಗಳು ದೇಶದ ನಾನಾ ನದಿಗಳಿಗೆ ಹೋದವು. ಕಾವೇರಿಗೂ ಬಂದವು. ಮುಂದೆ ಕೊಡಗಿನ ಹಾರಂಗಿಯಲ್ಲೂ ಮಹಶೀರ್ ಮರಿ ಕೇಂದ್ರ ತಲೆಯೆತ್ತಿತು.

ಇಲ್ಲಿ ಯಾರನ್ನೂ ಕಳ್ಳರೆಂದು ಕಟಕಟೆಗೆ ನಿಲ್ಲಿಸುವ ಹಾಗಿಲ್ಲ. ಎಲ್ಲರದೂ ಒಳ್ಳೆಯ ಉದ್ದೇಶವೇ. ಮಹಶೀರ್ ಕಡಿಮೆಯಾಗಿದೆ, ಮಹಶೀರ್ ಬಿಡೋಣ. ಆದರೆ ಕಡಿಮೆಯಾದದ್ದು ಒಂದು ಮಹಶೀರ್, ಬಿಟ್ಟದ್ದು ಇನ್ನೊಂದು.

ಪರಿಣಾಮ ಸಿಕ್ಕಿಬಿದ್ದದ್ದು ಗಾಳಗಾರರ ಲೆಕ್ಕಪುಸ್ತಕದಲ್ಲಿ. ಕಾವೇರಿ ದಂಡೆಯ ಗಾಳಿಬೋರೆಯ ಶಿಬಿರದಲ್ಲಿ ಮೀನು ಹಿಡಿದು, ತೂಗಿ, ಬರೆದುಕೊಂಡು, ಮತ್ತೆ ಹೊಳೆಗೇ ಬಿಡುವ ಪದ್ಧತಿಯಿತ್ತು. 1998ರಿಂದ 2012ರವರೆಗೆ ಹೀಗೆ ಆರು ಸಾವಿರಕ್ಕೂ ಹೆಚ್ಚು ಮಹಶೀರ್ ದಾಖಲಾಗಿದ್ದವು. ಮೀನು ಸಂಶೋಧಕರಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು 2015ರಲ್ಲಿ ಆ ಪುಸ್ತಕಗಳನ್ನು ಜಾಲಾಡಿದರು. ಒಟ್ಟು ಲೆಕ್ಕ ನೋಡಿದರೆ ಮಹಶೀರ್ ಹೆಚ್ಚಾಗುತ್ತಿತ್ತು, ಸಂಭ್ರಮಪಡಬಹುದಿತ್ತು. ಬಿಡಿಸಿ ನೋಡಿದಾಗ ಹೆಚ್ಚಾಗಿದ್ದು ನೀಲಿರೆಕ್ಕೆ. ಗೂನುಬೆನ್ನಿನದು ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ಇನ್ನೂ ಮನಕಲಕುವ ಸಂಗತಿಯೆಂದರೆ ಸಿಕ್ಕಿದ ಗೂನುಬೆನ್ನಿನ ಮೀನುಗಳ ಸರಾಸರಿ ತೂಕ ಏರುತ್ತಿತ್ತು. ದೊಡ್ಡ ಮೀನು ಸಿಕ್ಕರೆ ಗಾಳಗಾರನಿಗೆ ಖುಷಿ. ಆದರೆ ಮರಿಗಳೇ ಸಿಗದೆ ಬರೀ ದೊಡ್ಡವೇ ಸಿಗುತ್ತಿವೆ ಎಂದರೆ ಅದು ಮಕ್ಕಳಿಲ್ಲದ, ಮುದುಕರಷ್ಟೇ ಉಳಿದ ಊರು.

ಅಷ್ಟಾದರೂ ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ! ಹೆಸರಿಲ್ಲದ್ದಕ್ಕೆ ಪಡಿತರ ಚೀಟಿಯೂ ಸಿಗುವುದಿಲ್ಲ, ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲಿ ಜಾಗವೂ ಸಿಗುವುದಿಲ್ಲ. ಬಹುಕಾಲ ಅದನ್ನು ಕರೆಯುತ್ತಿದ್ದ ಹೆಸರು ಕೃಷ್ಣಾ ಕೊಳ್ಳದ ಬೇರೊಂದು ಮೀನಿನದು ಎಂದು ಆಮೇಲೆ ಗೊತ್ತಾಯಿತು. ಗಂಟು ಬಿಚ್ಚಿದ್ದು 2018ರಲ್ಲಿ. ಕಾವೇರಿ ಮತ್ತು ಮೋಯಾರ್ ನದಿಯ ಗೂನುಬೆನ್ನಿನ ಮೀನುಗಳ ಮೈಕಟ್ಟು ಅಳೆದು, ಡಿಎನ್‌ಎ ಓದಿ ನೋಡಿದರೆ, ಅವು ಕೇರಳದ ಪಾಂಬಾರ್ ಹೊಳೆಯ ಒಂದು ಮೀನಿಗೆ ತಾಳೆಯಾದವು. ಪಾಂಬಾರ್ ಅಮರಾವತಿಗೆ ಸೇರುತ್ತದೆ, ಅಮರಾವತಿ ಕಾವೇರಿಗೆ. ಅಲ್ಲಿ ಸಿಕ್ಕ ಎಳೆಯ ಮೀನುಗಳನ್ನು ನೋಡಿ ಕೆಲವು ವರ್ಷಗಳ ಹಿಂದೆ ಕೇರಳದ ಸಂಶೋಧಕರು, ಮೀನು ವಿಜ್ಞಾನಿ ರೆಮಾದೇವಿಯವರ ಗೌರವಾರ್ಥ, ಟೋರ್ ರೆಮಾದೇವಿಯೈ ಎಂದು ಹೆಸರಿಟ್ಟಿದ್ದರು. ಆ ಪುಟ್ಟ ಮೀನು ಬೆಳೆದರೆ ಕಾವೇರಿಯ ದೈತ್ಯನಾಗುತ್ತದೆ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ. ಹೆಸರು ಸಿಕ್ಕ ವರ್ಷವೇ, ಕೆಂಪು ಪಟ್ಟಿ ತಯಾರಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅದನ್ನು ‘ತೀವ್ರ ಅಪಾಯದಲ್ಲಿ’ ಎಂಬ ಸಾಲಿಗೆ ಸೇರಿಸಿತು. ನೀಲಿರೆಕ್ಕೆಯದು ಆತಂಕವಿಲ್ಲದವರ ಪಟ್ಟಿಗೆ ದಾಟಿತು.

ಹೀಗೆ ವಂಶವಾಹಿ ವಿಜ್ಞಾನ ಮಾಡಿದ ಮೊದಲ ಉಪಕಾರ ಗುರುತಿನ ಚೀಟಿ ಕೊಟ್ಟದ್ದು. ಅದು ಹೇಗೆ ಓದುತ್ತದೆ ಎಂಬುದರಲ್ಲಿ ಒಂದು ಸೂಕ್ಷ್ಮವಿದೆ, ಸ್ವಲ್ಪ ನಿಂತು ನೋಡಬೇಕು.

ಮೀನಿನ ರೆಕ್ಕೆಯ ತುದಿಯಿಂದ ಉಗುರಿನಷ್ಟು ಕತ್ತರಿಸಿ ಆಲ್ಕೋಹಾಲಿನ ಪುಟ್ಟ ಶೀಶೆಗೆ ಹಾಕಿದರೆ ಸಾಕು, ಮೀನು ಸಾಯಬೇಕಿಲ್ಲ. ಅದರಿಂದ ಸಾಮಾನ್ಯವಾಗಿ ಮೊದಲು ಓದುವುದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಡಿಎನ್‌ಎಯ ಸುಮಾರು 650 ಅಕ್ಷರಗಳ ಒಂದು ತುಣುಕನ್ನು. ಅಂಗಡಿಯ ಸಾಮಾನಿನ ಬಾರ್‌ಕೋಡ್ ಇದ್ದಂತೆ, ಪ್ರಭೇದದಿಂದ ಪ್ರಭೇದಕ್ಕೆ ಅದು ಬೇರೆ. ತೊಡಕು ಎಲ್ಲಿ ಎಂದರೆ, ಮೈಟೊಕಾಂಡ್ರಿಯ ಬರುವುದು ತಾಯಿಯಿಂದ ಮಾತ್ರ. ಗೂನುಬೆನ್ನಿನ ಹೆಣ್ಣಿಗೂ ನೀಲಿರೆಕ್ಕೆಯ ಗಂಡಿಗೂ ಮರಿ ಹುಟ್ಟಿದರೆ ಬಾರ್‌ಕೋಡ್ ಓದುವವನಿಗೆ ಅದು ಅಪ್ಪಟ ಗೂನುಬೆನ್ನೇ. ತಾಯಿಯ ಮನೆಯ ಹೆಸರು ಹೇಳಿ ತಂದೆಯ ಕುಲ ಮುಚ್ಚಿಟ್ಟಂತೆ. ಮಹಶೀರ್‌ಗಳಲ್ಲಿ ಇದು ಬರೀ ಊಹೆಯ ಮಾತಲ್ಲ. ಮಿಶ್ರ ಮಹಶೀರ್‌ಗಳನ್ನು ಲೋನಾವಳದಲ್ಲೇ ಬೇಕೆಂದು ಮಾಡಿಸಿ ನೋಡಿದ್ದಾರೆ. ಹಾಗಾಗಿ ತಾಯಿಮೀನು ಆರಿಸುವಾಗ ಕೋಶಕೇಂದ್ರದ ಡಿಎನ್‌ಎಯನ್ನೂ ಓದಲೇಬೇಕು. ತಾಯಿ ತಂದೆ ಇಬ್ಬರಿಂದಲೂ ಬರುವ ಹತ್ತಾರು, ನೂರಾರು ಗುರುತುಗಳನ್ನು ಒಟ್ಟಿಗೆ ನೋಡಿದರೆ ಮಿಶ್ರತಳಿ ಬಚ್ಚಿಟ್ಟುಕೊಳ್ಳಲಾಗುವುದಿಲ್ಲ. ಮಹಶೀರ್ ಇಲ್ಲೂ ಕೊಂಚ ಸತಾಯಿಸುತ್ತದೆ. ರೋಹು, ಕಾಟ್ಲಾಗಳಿಗೆ 50 ವರ್ಣತಂತುಗಳಾದರೆ ಇದಕ್ಕೆ 100. ಯಾವುದೋ ಪುರಾತನ ಕಾಲದಲ್ಲಿ ಇಡೀ ಗಂಟು ಇಮ್ಮಡಿಯಾಗಿದೆ. ಒಂದೇ ಗುರುತು ಎರಡು ಕಡೆ ಕಾಣಿಸಿಕೊಂಡು, ಇದು ಅದರ ಪ್ರತಿಯೋ ಬೇರೆಯೋ ಎಂದು ತಲೆ ಕೆರೆದುಕೊಳ್ಳುವಂತಾಗುತ್ತದೆ.

ಇಷ್ಟು ಮಾಡಿ ಅಪ್ಪಟ ಮೀನುಗಳು ಸಿಕ್ಕವು ಎನ್ನಿ. ಎಷ್ಟು ಬೇಕು? ಒಂದು ದೊಡ್ಡ ಹೆಣ್ಣು ಸಾವಿರಾರು ಮೊಟ್ಟೆ ಕೊಡುತ್ತದಲ್ಲ, ಒಂದೆರಡು ಜೋಡಿ ಸಾಲದೇ?

ಸಾಲದು. ಹೊಳೆಯಲ್ಲಿ ಎಷ್ಟು ತಲೆಗಳಿವೆ ಎಂಬುದು ಒಂದು ಎಣಿಕೆ. ಮುಂದಿನ ಪೀಳಿಗೆಗೆ ಎಷ್ಟು ಮೀನುಗಳ ರಕ್ತ ಹರಿಯುತ್ತದೆ ಎಂಬುದು ಬೇರೆ ಎಣಿಕೆ. ಎರಡನೆಯದನ್ನು ಪರಿಣಾಮಕಾರಿ ಸಂಖ್ಯೆ ಎನ್ನುತ್ತಾರೆ. ಗಂಡು ಹೆಣ್ಣು ಸಮ ಇಲ್ಲದಾಗ ಅದರ ಲೆಕ್ಕ ಹೀಗೆ: ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಮೀನುಗಳಿಂದ ಭಾಗಿಸಿ. ಒಂದು ಕೇಂದ್ರದಲ್ಲಿ 50 ಹೆಣ್ಣು, 2 ಗಂಡು ಇವೆ ಎಂದುಕೊಳ್ಳಿ. ಒಟ್ಟು 52 ಮೀನು. ಲೆಕ್ಕ ಹಾಕಿದರೆ ಬರುವುದು 400ನ್ನು 52ರಿಂದ ಭಾಗಿಸಿದ ಮೊತ್ತ, ಎಂಟಕ್ಕೂ ಒಂದು ಕೂದಲು ಕಡಿಮೆ. ಅದೇ 52ರಲ್ಲಿ 26 ಗಂಡು, 26 ಹೆಣ್ಣು ಇದ್ದಿದ್ದರೆ 52ಕ್ಕೆ 52. ಮೊದಲಿನ ಕೇಂದ್ರದಿಂದ ಲಕ್ಷ ಮರಿ ಬಂದರೂ ಎಲ್ಲವೂ ಇಬ್ಬರೇ ಅಪ್ಪಂದಿರ ಮಕ್ಕಳು. ಅವು ಬೆಳೆದು ಜೋಡಿ ಹುಡುಕುವಾಗ ಸುಮಾರು ಅರ್ಧದಷ್ಟು ಜೋಡಿಗಳು ಒಂದೇ ಅಪ್ಪನ ಅಣ್ಣ ತಂಗಿ.

ಸಗೋತ್ರದಲ್ಲಿ ಮದುವೆ ಬೇಡ ಎನ್ನುವ ನಮ್ಮ ಹಿರಿಯರ ನಿಯಮವನ್ನು ಇಲ್ಲಿಗೆ ಎಳೆದು ತರುವುದು ಪೂರ್ತಿ ಸರಿಯಲ್ಲ. ಗೋತ್ರ ತಂದೆಯ ಸಾಲನ್ನಷ್ಟೇ ಹಿಡಿಯುತ್ತದೆ, ಸೋದರಮಾವನ ಮಗಳನ್ನು ಬಿಟ್ಟುಬಿಡುತ್ತದೆ. ಡಿಎನ್‌ಎ ಎರಡೂ ಕಡೆಯ ನಂಟನ್ನು ಹಿಡಿಯುತ್ತದೆ. ಮರಿ ಮಾಡಿಸುವ ಮೊದಲು ಪ್ರತಿ ಗಂಡು ಪ್ರತಿ ಹೆಣ್ಣಿಗೆ ಎಷ್ಟು ಹತ್ತಿರದ ಸಂಬಂಧಿ ಎಂದು ಒಂದು ಕೋಷ್ಟಕ ತಯಾರಿಸುತ್ತಾರೆ. ದೂರದವರನ್ನೇ ಜೋಡಿ ಮಾಡುತ್ತಾರೆ. ಜೋಡಿ ಸರಿಯಾದರೂ ಕೈಕೆಲಸದಲ್ಲಿ ಎಡವಬಹುದು. ನಾಲ್ಕಾರು ಗಂಡುಗಳ ವೀರ್ಯವನ್ನು ಒಂದೇ ಬಟ್ಟಲಿಗೆ ಸುರಿದು ಮೊಟ್ಟೆಗೆ ಬೆರೆಸುವುದು ಸುಲಭ, ಆದರೆ ಅಲ್ಲಿ ಚುರುಕಾದ ಒಬ್ಬ ಗಂಡೇ ಬಹುಪಾಲು ಮೊಟ್ಟೆ ಗೆದ್ದುಬಿಡುತ್ತಾನೆ. ಅದಕ್ಕೇ ಒಂದೊಂದು ಹೆಣ್ಣಿನ ಮೊಟ್ಟೆಯನ್ನು ಪಾಲು ಮಾಡಿ, ಬೇರೆ ಬೇರೆ ಬಟ್ಟಲಿನಲ್ಲಿ ಬೇರೆ ಬೇರೆ ಗಂಡಿನೊಂದಿಗೆ ಬೆರೆಸಬೇಕು. ಬಿಡುವಾಗ ಎಲ್ಲ ಸಂಸಾರಗಳಿಂದಲೂ ಹೆಚ್ಚುಕಡಿಮೆ ಸಮನಾಗಿ ಮರಿ ತೆಗೆಯಬೇಕು. ಹತ್ತು ಸಾವಿರ ಮರಿ ಬದುಕಿದ ಸಂಸಾರದಿಂದ ಹತ್ತು ಸಾವಿರವನ್ನೂ ಬಿಡುವ ಆಸೆ ಬರುತ್ತದೆ. ತಡೆದುಕೊಳ್ಳಬೇಕು. ‘ಲಕ್ಷ ಮರಿ’ಯ ಸುದ್ದಿಗೆ ಒಗ್ಗಿದ ಇಲಾಖೆಗಳಿಗೆ ಇದು ಕಷ್ಟದ ಮಾತು ಎಂದು ನನಗೆ ಗೊತ್ತು.

ಇದನ್ನೆಲ್ಲ ನಿಜಕ್ಕೂ ಮಾಡಿ ತೋರಿಸಿದವರಿದ್ದಾರೆಯೇ? ಅಮೆರಿಕದ ಐಡಹೊ ರಾಜ್ಯದ ರೆಡ್‌ಫಿಶ್ ಸರೋವರದ ಕಥೆ ಕೇಳಬೇಕು. ಸಾಕ್‌ಐ ಎಂಬ ಕೆಂಪು ಸಾಲ್ಮನ್ ಅಲ್ಲಿ ಹುಟ್ಟಿ, ಪೆಸಿಫಿಕ್ ಸಾಗರಕ್ಕೆ ಹೋಗಿ ಬೆಳೆದು, ಮೊಟ್ಟೆಯಿಡಲು ಸುಮಾರು 1,450 ಕಿಲೋಮೀಟರ್ ಈಜಿ, ಎಂಟು ಅಣೆಕಟ್ಟು ದಾಟಿ, ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದ ಸರೋವರಕ್ಕೆ ಮರಳುತ್ತದೆ. 1992ರಲ್ಲಿ ಮರಳಿ ಬಂದದ್ದು ಒಂದೇ ಒಂದು ಗಂಡು. ಜನ ಅದಕ್ಕೆ ‘ಒಂಟಿ ಲ್ಯಾರಿ’ ಎಂದು ಹೆಸರಿಟ್ಟರು. 1991ರಿಂದ 1998ರವರೆಗಿನ ಎಂಟು ವರ್ಷಗಳಲ್ಲಿ ಬಂದವು ಬರೀ 16. ಹದಿನಾರನ್ನೂ ಹಿಡಿದು ಮರಿ ಕೇಂದ್ರಕ್ಕೆ ಒಯ್ದರು.

ಅಲ್ಲೂ ಕಾವೇರಿಯಂಥದೇ ಗುರುತಿನ ಗೊಂದಲವಿತ್ತು. ಅದೇ ಸರೋವರದಲ್ಲಿ ಕೊಕನಿ ಎಂಬ ಮೀನಿದೆ; ಪ್ರಭೇದ ಅದೇ, ಆದರೆ ಸಮುದ್ರಕ್ಕೆ ಹೋಗದೆ ಸಿಹಿನೀರಿನಲ್ಲೇ ಜೀವ ಕಳೆಯುವ ಬಳಗ. ಸಾಕ್‌ಐ ಎಂದೋ ಅಳಿದಿದೆ, ಈಗ ಬರುತ್ತಿರುವುದು ದಾರಿ ತಪ್ಪಿದ ಕೊಕನಿ ಎಂಬ ವಾದವಿತ್ತು. ವಂಶವಾಹಿಗಳನ್ನು ಓದಿದ ಮೇಲೆ ಇವೆರಡೂ ಬೇರೆ ಸಾಲುಗಳೆಂದು ಸ್ಪಷ್ಟವಾಯಿತು. ಆಮೇಲೆ ಪ್ರತಿ ಮೀನಿಗೂ ಒಂದು ಜಾತಕ, ಪ್ರತಿ ಜೋಡಿಗೂ ನಂಟಿನ ಲೆಕ್ಕ. 2014ರಲ್ಲಿ ಮರಳಿದ ಸಾಕ್‌ಐಗಳ ಸಂಖ್ಯೆ ಸಾವಿರದೈನೂರು ದಾಟಿತು. ಹದಿನಾರು ಮೀನಿನಿಂದ ಹೊರಟ ಬಳಗ ತನ್ನಲ್ಲಿದ್ದ ವೈವಿಧ್ಯದ ಬಹುಪಾಲನ್ನು ಉಳಿಸಿಕೊಂಡಿತ್ತು. ಈ ಕೆಲಸದಲ್ಲಿ ನನಗೆ ಬಹಳ ಹಿಡಿಸುವುದು ಅದರ ಜಿಪುಣತನ. ಒಂದು ಗಂಡೂ ಒಂದು ಹೆಣ್ಣೂ ವ್ಯರ್ಥವಾಗಬಾರದೆಂಬ ಹಟ.

ಹಾಗೆಂದು ಅದು ಸುಖಾಂತ್ಯದ ಕಥೆಯಲ್ಲ. 2015ರ ಬೇಸಿಗೆಯಲ್ಲಿ ನದಿ ನೀರು ಕಾದು, ಸಮುದ್ರದಿಂದ ಹೊರಟ ಆ ಸಾಕ್‌ಐಗಳಲ್ಲಿ ಬಹುಪಾಲು ದಾರಿಯಲ್ಲೇ ಸತ್ತವು. ಹೆಚ್ಚು ಮರಿ ಮಾಡಲೆಂದು 2013ರಲ್ಲಿ ತೆರೆದ ಸ್ಪ್ರಿಂಗ್‌ಫೀಲ್ಡ್ ಕೇಂದ್ರದ ನೀರು ಗಡಸು, ಮರಿ ಬಿಡುವ ತೊರೆಯ ನೀರು ಮೃದು. ಬದಲಾವಣೆ ತಾಳದೆ ಮರಿಗಳು ರಾಶಿ ರಾಶಿ ಸತ್ತವು. ಜಾತಕ ಎಷ್ಟು ಚೆನ್ನಾಗಿ ಕೂಡಿಬಂದರೂ ನೀರು ಸರಿಯಿಲ್ಲದ ಮನೆಗೆ ಮಗಳನ್ನು ಕೊಟ್ಟಂತಾಯಿತು.

ಇನ್ನೊಂದು ಅಪಾಯ ಇದಕ್ಕಿಂತ ಗುಪ್ತವಾದದ್ದು, ಮೊದಲ ಸಲ ಕೇಳಿದಾಗ ನಂಬಲು ಕಷ್ಟ. ಹೊಳೆಗೆ ಮೀನು ಸೇರಿಸುವುದರಿಂದಲೇ ಹೊಳೆಯ ಮೀನಿನ ವೈವಿಧ್ಯ ಕುಗ್ಗಬಹುದು. 1991ರಲ್ಲಿ ನಿಲ್ಸ್ ರೂಮಾನ್ ಮತ್ತು ಲಿಂಡಾ ಲೈಕ್ರೆ ಎಂಬ ಸ್ವೀಡನ್ನಿನ ವಿಜ್ಞಾನಿಗಳು ಇದನ್ನು ಲೆಕ್ಕ ಹಾಕಿ ತೋರಿಸಿದರು. ಹೊಳೆಯಲ್ಲಿ ಉಳಿದಿರುವ ಮೀನುಗಳ ಪರಿಣಾಮಕಾರಿ ಸಂಖ್ಯೆ 100 ಎನ್ನಿ. ಮರಿ ಕೇಂದ್ರದ್ದು ಮೇಲೆ ನೋಡಿದಂತೆ 8. ಕೇಂದ್ರದಿಂದ ಮರಿಗಳನ್ನು ಸುರಿದು ಸುರಿದು, ಮುಂದಿನ ಪೀಳಿಗೆಯಲ್ಲಿ ಅರ್ಧದಷ್ಟು ಕೇಂದ್ರದ ಸಂತಾನವೇ ಆಯಿತು ಎಂದುಕೊಂಡರೆ, ಇಡೀ ಹೊಳೆಯ ಪರಿಣಾಮಕಾರಿ ಸಂಖ್ಯೆ 108ಕ್ಕೆ ಏರುವುದಿಲ್ಲ; ಸುಮಾರು 30ಕ್ಕೆ ಇಳಿಯುತ್ತದೆ. ನೂರು ಮನೆಗಳ ಊರಿನಲ್ಲಿ ಎಂಟೇ ಮನೆಯವರ ಮಕ್ಕಳು ಅರ್ಧ ಶಾಲೆ ತುಂಬಿದಂತೆ. ಮಕ್ಕಳ ಹಾಜರಿ ಏರಿತು, ಮನೆತನಗಳು ಕರಗಿದವು.

ಸಾಕಿದ ಮೀನು ಹೊಳೆಯ ಮೀನಿನಂತೆ ಬಾಳುವುದಿಲ್ಲ ಎಂಬುದೂ ಇದಕ್ಕೆ ಸೇರಿಕೊಳ್ಳುತ್ತದೆ. ಸಿಮೆಂಟಿನ ತೊಟ್ಟಿಯಲ್ಲಿ ಗೆಲ್ಲುವುದು ಕೈ ಕಂಡರೆ ಓಡಿಬರುವ, ಗುಂಪಿನಲ್ಲಿ ನುಗ್ಗಿ, ಹಾಕಿದ ಹಿಂಡಿಯನ್ನು ತಿನ್ನುವ ಮರಿ. ಹೊಳೆಯಲ್ಲಿ ಅದೇ ಮರಿ ನೀರುನಾಯಿಗೆ ಮೊದಲ ತುತ್ತು. ಅಮೆರಿಕದ ಒರೆಗಾನಿನ ಹುಡ್ ನದಿಯಲ್ಲಿ ಸ್ಟೀಲ್‌ಹೆಡ್ ಮೀನುಗಳ ವಂಶಾವಳಿಯನ್ನು ಡಿಎನ್‌ಎಯಿಂದ ಕಟ್ಟಿ ನೋಡಿದ ಅಧ್ಯಯನ 2007ರಲ್ಲಿ ಬಂತು. ಕೇಂದ್ರದಲ್ಲಿ ಕಳೆದ ಒಂದೊಂದು ಪೀಳಿಗೆಗೂ, ಹೊಳೆಯಲ್ಲಿ ಸಂತಾನ ಪಡೆಯುವ ಸಾಮರ್ಥ್ಯ ಸುಮಾರು ಶೇ 40ರಷ್ಟು ಕುಸಿಯುತ್ತಿತ್ತು. ಸಾಲ್ಮನ್ ಬಳಗದ ಈ ಅಂಕಿಯನ್ನು ಮಹಶೀರ್‌ಗೆ ಹಾಗೇ ಅಂಟಿಸುವಂತಿಲ್ಲ. ಆದರೂ ಕೇಂದ್ರದ ಮರಿಯನ್ನೇ ಬೆಳೆಸಿ, ಅದನ್ನೇ ತಾಯಿಮೀನು ಮಾಡಿ, ಅದರ ಮರಿಯಿಂದ ಮತ್ತೆ ಮರಿ ತೆಗೆಯುವ ಸುಲಭದ ದಾರಿ ಹಿಡಿಯಬಾರದು ಎನ್ನುವುದಕ್ಕೆ ಇಷ್ಟು ಸಾಕು.

ಈ ಎಲ್ಲ ಲೆಕ್ಕವನ್ನು ಹೊತ್ತು ಕಾವೇರಿಗೆ ಮರಳಿದರೆ, ಮೊದಲ ಕೆಲಸ ಏನನ್ನೂ ಬಿಡದಿರುವುದು. ಗೂನುಬೆನ್ನಿನ ಮೀನಿರುವ ನೀರಿಗೆ ಇನ್ನು ನೀಲಿರೆಕ್ಕೆ ಬೇಡ, ಅದನ್ನು ಅದರ ಕೃಷ್ಣಾ ಕೊಳ್ಳಕ್ಕೆ ಬಿಟ್ಟರೆ ಸಾಕು. ಎರಡನೆಯದು ಉಳಿದವು ಎಲ್ಲಿವೆ ಎಂದು ಹುಡುಕುವುದು. ಮೀನು ಈಜಿದ ನೀರಿನಲ್ಲಿ ಅದರ ಲೋಳೆ, ಹೊಟ್ಟು, ಮಲದ ಜೊತೆ ಡಿಎನ್‌ಎ ತುಣುಕುಗಳೂ ತೇಲುತ್ತವೆ. ಲೀಟರುಗಟ್ಟಲೆ ನೀರನ್ನು ಸೋಸಿ ಆ ಸೋಸುಹಾಳೆಯನ್ನು ಪರೀಕ್ಷಿಸಿದರೆ, ಬಲೆ ಬೀಸದೆಯೇ, ಯಾವ ಮಡುವಿನಲ್ಲಿ ಯಾರು ಬಂದುಹೋಗಿದ್ದಾರೆ ಎಂಬ ಸುಳಿವು ಸಿಗುತ್ತದೆ. ಬಂಡೀಪುರದ ಅಂಚಿನ ಮೋಯಾರ್ ಕಮರಿಯಂತಹ ಆನೆ, ಹುಲಿ, ಮೊಸಳೆಗಳ ನಾಡಿನಲ್ಲಿ ಇದು ಸಣ್ಣ ಅನುಕೂಲವಲ್ಲ.

ಮೂರನೆಯದರಲ್ಲಿ ನಿಜವಾದ ಭಿನ್ನಾಭಿಪ್ರಾಯಕ್ಕೆ ಜಾಗವಿದೆ. ಮೋಯಾರಿನವು, ಪಾಂಬಾರಿನವು, ಕಾವೇರಿಯ ಮುಖ್ಯ ಹರಿವಿನವು, ಇವುಗಳನ್ನು ಬೆರೆಸಬೇಕೇ? ಬೇರೆ ಬೇರೆ ಇಟ್ಟರೆ ಒಂದೊಂದು ಗುಂಪೂ ಚಿಕ್ಕದು, ಒಳಸಂಬಂಧದ ಭಯ. ಬೆರೆಸಿದರೆ ತಮ್ಮ ತಮ್ಮ ಹೊಳೆಗೆ ಒಗ್ಗಿಕೊಂಡ ಗುಣಗಳು ಕಲಸಿಹೋಗುವ ಭಯ. ನನ್ನ ಮಟ್ಟಿಗೆ, ಅಣೆಕಟ್ಟುಗಳು ಬರುವ ಮೊದಲು ಇವೆಲ್ಲ ಒಂದೇ ನೀರಿನ ಕೊಂಬೆಗಳಾಗಿದ್ದವು, ಈಗಿನ ಬೇರ್ಪಾಡು ಬಹುಪಾಲು ನಾವೇ ಕಟ್ಟಿದ ಗೋಡೆಯದು. ಆದರೆ ಅದು ಊಹೆ. ಕೋಶಕೇಂದ್ರದ ಡಿಎನ್‌ಎ ಓದಿದರೆ ಅವು ಬೇರ್ಪಟ್ಟು ಎಷ್ಟು ಕಾಲವಾಯಿತು ಎಂದು ಅಂದಾಜಿಸಬಹುದು. ಅದನ್ನು ನೋಡದೆ ಬಟ್ಟಲು ಕಲಸಬಾರದು.

ಅಷ್ಟರಲ್ಲಿ ಸಿಕ್ಕ ಪ್ರತಿ ಗಂಡಿನಿಂದಲೂ ಒಂದಿಷ್ಟು ವೀರ್ಯ ತೆಗೆದು ದ್ರವ ಸಾರಜನಕದಲ್ಲಿ ಹುದುಗಿಸಿಡಬಹುದು. ಮೈನಸ್ 196 ಡಿಗ್ರಿಯಲ್ಲಿ ಅದು ದಶಕಗಟ್ಟಲೆ ಕೆಡುವುದಿಲ್ಲ. ನೀಲಿರೆಕ್ಕೆಯ ಮಹಶೀರ್‌ನಲ್ಲಿ ಈ ವಿಧಾನವನ್ನು ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಸಂಶೋಧಕರು ಎರಡು ದಶಕಗಳ ಹಿಂದೆಯೇ ಮಾಡಿ ನೋಡಿದ್ದಾರೆ. ಒಂಟಿ ಲ್ಯಾರಿಯ ವೀರ್ಯವನ್ನೂ ಹೀಗೆಯೇ ಹೆಪ್ಪುಗಟ್ಟಿಸಿ, ಅದು ಸತ್ತ ಮೇಲೂ ಹೆಣ್ಣುಗಳ ಮೊಟ್ಟೆಗೆ ಬಳಸಿಕೊಂಡರು. ಮೊಟ್ಟೆಯನ್ನು ಮಾತ್ರ ಹೀಗೆ ಇಡಲು ಬರುವುದಿಲ್ಲ. ದೊಡ್ಡದು, ಒಳಗೆ ತುಂಬ ಹಳದಿ, ನೀರು, ಹೆಪ್ಪುಗಟ್ಟುವಾಗ ಒಡೆದುಹೋಗುತ್ತದೆ. ಹಾಗಾಗಿ ಎಷ್ಟು ಡಬ್ಬಿ ವೀರ್ಯ ಕೂಡಿಟ್ಟರೂ, ಅದನ್ನು ತೆರೆಯುವ ದಿನಕ್ಕೆ ಕಾವೇರಿಯ ಯಾವುದಾದರೂ ಮಡುವಿನಲ್ಲಿ ಒಂದು ಗೂನುಬೆನ್ನಿನ ಹೆಣ್ಣು ಉಸಿರಾಡುತ್ತಿರಬೇಕು.